ಅವನಿಲ್ಲದೆ ಗೆದ್ದ ಕಪ್

ಒಬ್ಬ ಗಿರಾಕಿಯನ್ನೇ ನಂಬಿ ಅಂಗಡಿ ಇಡಬಾರದು ಎಂದು ಹೊಸ ವ್ಯಾಪಾರಿಗಳಿಗೆ ಇವತ್ತಿಗೂ ಹೇಳುತ್ತೇನೆ. ಮಾತು ಖರೆ. ಆದರೆ ಅದನ್ನು ನಾನು ಕಲಿತದ್ದು ಅಂಗಡಿಯಲ್ಲಲ್ಲ, ಬಾಸ್ಕೆಟ್ ಬಾಲ್ ಆಡುವ ಬಯಲಲ್ಲಿ. ಕಲಿತ ರೀತಿ ನೆನೆದರೆ ಹೇಳುವ ಬಾಯಿ ಅರ್ಧಕ್ಕೇ ನಿಲ್ಲುತ್ತದೆ.

ಕುರುಗೋಡು ಬಿಟ್ಟು ಬಳ್ಳಾರಿಗೆ ಬಂದು, ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಕಲಿಯುತ್ತಿದ್ದ ದಿನಗಳು. ಮಹಾಯುದ್ಧ ಮುಗಿದಿತ್ತು. ಮದರಾಸಿನಲ್ಲಿ ಕಲಿತು ಬಂದ ಡ್ರಿಲ್ ಮೇಷ್ಟ್ರೊಬ್ಬರು ಗುಡ್ಡದ ಕೆಳಗೆ ಎರಡು ಕಂಬ ನೆಟ್ಟು ಕಬ್ಬಿಣದ ರಿಂಗು ಹಾಕಿಸಿದ್ದರು. ಮಾರುಕಟ್ಟೆ ಮುಗಿದ ಮೇಲೆ ನಾವು ಕೆಲವರು ಅಲ್ಲಿ ಸೇರುತ್ತಿದ್ದೆವು. ವರ್ಷಕ್ಕೊಂದು ಪಂದ್ಯಾವಳಿ. ಪ್ರತಿ ಸಲವೂ ಕಪ್ ಕಂಟೋನ್ಮೆಂಟ್ ಹುಡುಗರ ತಂಡಕ್ಕೇ.

ಆಗ ಸಿಕ್ಕವನು ಅವನು. ದೇಶನೂರಿನಿಂದ ಭತ್ತದ ಗಾಡಿಯ ಜೊತೆ ಬಂದಿದ್ದ. ಗಾಡಿಯಲ್ಲಿ ಪೇರಿಸಿದ ಮೇಲ್ತುದಿಯ ಚೀಲವನ್ನು ನೆಲದ ಮೇಲೆ ನಿಂತೇ ಇಳಿಸುತ್ತಿದ್ದ. ಅಷ್ಟು ಎತ್ತರ. ನಾನು ಬಿಡುತ್ತೇನೆಯೇ? ಅವನ ಊರಿಗೇ ಹೋಗಿ ತಾಯಿಯ ಎದುರು ಕೂತೆ. ಗಂಡನಿಲ್ಲದ ಹೆಂಗಸು, ಒಬ್ಬನೇ ಮಗ. ಬಾಗಿಲು ಗಿಡ್ಡ, ಮಗನ ಹಣೆಗೆ ಬಡಿಯದಿರಲೆಂದು ಚೌಕಟ್ಟಿನ ಮೇಲ್ಪಟ್ಟಿಗೆ ಹಳೆ ಸೀರೆಯ ಬಟ್ಟೆ ಸುತ್ತಿದ್ದಳು.

“ಚೆಂಡು ಆಡಾಕ ನನ್ನ ಮಗನ ಯಾಕ ಬೇಕಪ್ಪ? ಬಳ್ಳಾರ್ಯಾಗ ಗಂಡಸ್ರಿಲ್ಲೇನು?”

“ಅದಾರವ್ವ. ಎಲ್ಲಾ ಕುಳ್ಳರು.”

ಆಕೆ ನಕ್ಕಳು. ಎದುರಿನವರು ನಕ್ಕರೆ ಅರ್ಧ ವ್ಯಾಪಾರ ಮುಗಿದಂತೆ, ನೆನಪಿಟ್ಟುಕೊಳ್ಳಿ. ನಾಟಿಗೆ, ಕೊಯ್ಲಿಗೆ ಮಗ ಊರಿನಲ್ಲಿರಬೇಕು, ಉಳಿದ ದಿನ ನಮ್ಮಲ್ಲಿ ಎಂದು ಒಪ್ಪಂದವಾಯಿತು.

ಅವನನ್ನು ನೋಡಲೆಂದೇ ಜನ ಬರತೊಡಗಿದರು. “ಈಚಲಮರ ಬಂತು ನೋಡ್ರಲೇ!” ಎಂದು ಎದುರಾಳಿಗಳು ಕೂಗಿದರೆ, “ಹಣ್ಣು ಬೇಕಂದ್ರ ಹತ್ತಿ ಬರ್ರಿ,” ಎನ್ನುತ್ತಿದ್ದ. ನಮ್ಮ ತಂತ್ರವೂ ಒಂದೇ: “ಚೆಂಡು ಅವಗ ಒಗಿ, ನೀ ಸುಮ್ನ ನಿಂದ್ರು.” ನಾವು ನಿಂತೆವು. ಕಂಟೋನ್ಮೆಂಟಿನ ಮೂವರು ಅವನನ್ನು ಸುತ್ತಿಕೊಂಡರು. ಅವನೊಬ್ಬನೇ ಹಾರುವುದು, ನಾವು ಬಾಯಿ ತೆರೆದು ನೋಡುವುದು. ಎರಡು ವರ್ಷ ಫೈನಲಿನಲ್ಲಿ ಸೋತೆವು. ಎರಡನೆಯ ಸಲ ಅವನು ಕಂಬಕ್ಕೆ ಒರಗಿ, “ಬರೋ ವರ್ಷ ಕಪ್ ನಮ್ಮವ್ವಗ ತೋರಿಸ್ಬೇಕಲೇ,” ಎಂದ.

ನಾಟಿಯ ಕಾಲಕ್ಕೆ ಊರಿಗೆ ಹೋದವನಿಗೆ ಚಳಿಜ್ವರ ಬಂತು. ಉಳಿಯಲಿಲ್ಲ. ಸುದ್ದಿ ಬಂದದ್ದೂ ಭತ್ತದ ಗಾಡಿಯ ಜೊತೆಗೇ.

ಅವನ ಜಾಗಕ್ಕೆ ಮೋಕ ಎಂಬ ಊರಿನ ಹುಡುಗನೊಬ್ಬ ಬಂದ, ನಮ್ಮಷ್ಟೇ ಎತ್ತರ. ಚೆಂಡು ಒಗೆದು ನಿಲ್ಲೋಣವೆಂದರೆ ಯಾರಿಗೆ ಒಗೆಯುವುದು? ಎಲ್ಲರೂ ಓಡಲೇಬೇಕಾಯಿತು. ಯಾರನ್ನು ಸುತ್ತಿಕೊಳ್ಳಬೇಕೆಂದು ಕಂಟೋನ್ಮೆಂಟಿನವರಿಗೆ ತಿಳಿಯಲೇ ಇಲ್ಲ. ಆ ವರ್ಷ ಕಪ್ ನಮ್ಮದಾಯಿತು.

ಐವರೂ ಕಪ್ ಹಿಡಿದು ಹೊರಟೆವು. ಸಿರುಗುಪ್ಪದವರೆಗೆ ಬಸ್ಸು, ಅಲ್ಲಿಂದ ದೇಶನೂರಿಗೆ ನಡಿಗೆ. ತಾಯಿಯ ಮುಂದೆ ಕಪ್ ಇಟ್ಟೆವು. ಆಕೆ ಸೆರಗಿನಿಂದ ಅದರ ಧೂಳು ಒರೆಸಿದಳು. ಆಮೇಲೆ ನನ್ನ ಮುಖ ನೋಡಿದಳು.

“ಅವ ಇದ್ದಾಗ ಸೋತ್ರಿ. ಅವ ಹೋದ ಮ್ಯಾಲ ಗೆದ್ರಿ. ನನ್ನ ಮಗ ನಿಮಗ ಅಡ್ಡ ಆಗಿದ್ನೇನಪ್ಪ?”

“ಇಲ್ಲವ್ವ. ಐದು ಮಂದಿ ಆಟ ಅವನೊಬ್ನ ಆಡಿದ. ನಾವು ಆಡ್ಲಿಲ್ಲ, ಅದಕ್ಕ ಸೋತ್ವಿ,” ಎಂದೆ.

ಸುಳ್ಳಲ್ಲ. ಆದರೆ ಹೇಳುವಾಗಲೇ ನನ್ನ ದನಿ ನನಗೆ ಕೇಳಿಸಿತು: ಅಂದು ಮಗನನ್ನು ಕಳಿಸಿಕೊಡೆಂದು ಆಕೆಯನ್ನು ಕೇಳಿದ್ದೂ ಇದೇ ವ್ಯಾಪಾರದ ದನಿಯಲ್ಲಿ. ಈ ಸಲ ಆಕೆ ನಗಲಿಲ್ಲ.

“ಅವನ ಜಾಗದಾಗ ಈಗ ಯಾರು ನಿಂದರ್ತಾರ?”

ಮೋಕದ ಹುಡುಗ ತಲೆ ತಗ್ಗಿಸಿದ. ಆಕೆಗೆ ಅಷ್ಟೇ ಸಾಕಾಯಿತು. ಮನೆಗೆ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ. ಒಳಗೆ ಹೋಗಿ ಕಪ್ ತುಂಬ ಹೊಸ ಅಕ್ಕಿ ತುಂಬಿ ತಂದು ಅವನ ಕೈಗೇ ಕೊಟ್ಟಳು.

“ನೀ ಒಬ್ನ ಹಾರಬ್ಯಾಡಪ್ಪ,” ಎಂದಳು.

ನಾವು ಎದ್ದೆವು. ಚೌಕಟ್ಟಿಗೆ ಸುತ್ತಿದ ಬಟ್ಟೆ ಇನ್ನೂ ಹಾಗೇ ಇತ್ತು. ಒಬ್ಬೊಬ್ಬರಾಗಿ ಅದರ ಕೆಳಗೆ ಹಾದು ಹೊರಗೆ ಬಂದೆವು. ಯಾರ ತಲೆಯೂ ಅದಕ್ಕೆ ತಾಗಲಿಲ್ಲ.