ಹೊತ್ತು ಮುಳುಗಿದ ಮೇಲಿನ ಹಸಿವು

ಮೊನ್ನೆ ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೋ ಬಟ್ಟಲಿಗೆ ಜೋಳದ ರೊಟ್ಟಿ ಮುರಿದು ಹಾಕಿ, ಮೇಲೆ ಬಿಸಿ ಹಾಲು ಹೊಯ್ದರು. ಆಗ ಏಳುವ ವಾಸನೆ ನಿಮಗೆ ಗೊತ್ತಿರಬಹುದು. ಸ್ವಲ್ಪ ಸುಟ್ಟ ಹಿಟ್ಟಿನದು, ಸ್ವಲ್ಪ ಕೊಟ್ಟಿಗೆಯದು. ನಾನು ಆಗ ಒಂದು ಬಿಳಿ ಹಾಳೆಯ ಮುಂದೆ ಪೆನ್ನು ಹಿಡಿದು ಕುಳಿತಿದ್ದೆ. ಹಾಳೆಯಲ್ಲಿ ಶೀರ್ಷಿಕೆ ಮಾತ್ರ ಇತ್ತು: ಮರೆವಿನ ಕಾಯಿಲೆ ಇರುವವರ ಆರೈಕೆ, ಹೊಸ ಪಾಠ. ಎರಡು ದಿನದಿಂದ ಅದರ ಕೆಳಗೆ ಒಂದು ಸಾಲೂ ಹುಟ್ಟಿರಲಿಲ್ಲ. ಹಾಲಿನ ವಾಸನೆ ಬಂದದ್ದೇ ಪೆನ್ನು ಕೆಳಗಿಟ್ಟೆ.

ಇದೇ ಕಾಲೇಜಿನಲ್ಲಿ ನರ್ಸಿಂಗ್ ಓದಿ ಈಗ ಇಲ್ಲೇ ಕೆಲಸಕ್ಕಿದ್ದೇನೆ. ವಿದ್ಯಾರ್ಥಿಗಳನ್ನು ವಾರ್ಡಿಗೆ, ಹಳ್ಳಿಗಳಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ನಮಗೆ ಪಾಠ ಹೇಳಿದ ಮೇಡಂ ಈಗ ನಮ್ಮ ವಿಭಾಗದ ಮುಖ್ಯಸ್ಥರು. ಹೋದ ವಾರ ಕರೆದು, "ನಿನ್ನ ಕಾಲಕ್ಕ ಡಿಮೆನ್ಷಿಯಾಕ್ಕ ಮೂರ ತಾಸ ಇತ್ತು. ಈಗ ಎಂಟ ತಾಸ ಮಾಡೀನಿ. ಏನ್ ತುಂಬತಿ ತುಂಬು," ಎಂದರು. ಮೂರು ತಾಸಿನಲ್ಲಿ ನನಗೆ ಏನು ಕಲಿಸಿದ್ದರೋ ಅದೇ ಇನ್ನೂ ಸರಿಯಾಗಿ ಗೊತ್ತಿಲ್ಲ ಎನ್ನಲು ಧೈರ್ಯ ಬರಲಿಲ್ಲ. "ಆಗ್ಲಿ ರಿ ಮೇಡಂ," ಎಂದು ಬಂದೆ.

ನಾನು ದಿನಚರಿ ಬರೆಯುವವನು. ತಾರೀಖು, ಏಳುವ ಹೊತ್ತು, ಬಸ್ಸು ಎಷ್ಟು ನಿಮಿಷ ತಡ, ಕುಡಿದ ಚಹ ಎಷ್ಟು, ಎಲ್ಲವೂ ಅದರಲ್ಲಿ ಇರುತ್ತವೆ. ಹಾರೂಗೇರಿಯ ನಮ್ಮ ಮನೆಯಲ್ಲಿ ಕುರಿ ಎಣಿಸುವುದು ಅಪ್ಪನ ಕೆಲಸ. ಕುರಿ ಕಾಯಲು ಹೋಗದ ನನಗೆ ಎಣಿಸುವ ಚಟವೊಂದೇ ಬಂದಿದೆ. "ಬ್ರದರ್ ಆಗಾಂವಂತ ಇಂವ. ನಾಲ್ಕ ಜನ ತಂಗ್ಯಾರ ಇದ್ರೂ ಸಾಲಲಿಲ್ಲೇನ?" ಎಂದು, ಗಂಡು ನರ್ಸಿಗೆ ಬ್ರದರ್ ಎನ್ನುವುದನ್ನೇ ಹಿಡಿದು ನನ್ನ ಓದನ್ನು ಆಡಿಕೊಂಡ ಮಾವನ ಮಾತೂ ತಾರೀಖಿನ ಸಮೇತ ಅದರಲ್ಲಿದೆ. ಹೀಗಾಗಿ ಮೂರು ವರ್ಷದ ಹಿಂದಿನ ಪುಸ್ತಕ ತೆಗೆದರೆ ಚಂಪಾ ಆಯಿ ಸಿಗಬೇಕು ಎಂದುಕೊಂಡೆ. ತೆಗೆದೆ. ಸಿಕ್ಕಿದ್ದು ಹೆಚ್ಚಾಗಿ ಎಣಿಕೆಯ ಗೀಟುಗಳು: ನಾಲ್ಕು ಉದ್ದ, ಒಂದು ಅಡ್ಡ.

ಆಗ ನಾವು ಮೂರನೆಯ ವರ್ಷದವರು. ಉಗಾರ ಖುರ್ದದಿಂದ ಆಚೆ ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಆರು ವಾರ ಇರಬೇಕಿತ್ತು. ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ನಾವು ನಾಲ್ವರು ಮಲಗುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಮನೆ. ದಿನಾ ಹೋಗಿ ನೋಡಿ ಬರೆದು ಕೊನೆಗೆ ವರದಿ ಕೊಡಬೇಕು. ನನ್ನ ಪಾಲಿಗೆ ಬಂದದ್ದು ಚಂಪಾ ಆಯಿಯ ಮನೆ. ಎಪ್ಪತ್ತೆಂಟರ ಆ ಅಜ್ಜಿಗೆ ಮರೆವಿನ ಕಾಯಿಲೆ. ನೋಡಿಕೊಳ್ಳುವವರು ಸೊಸೆ ಶೋಭಾ. ಆ ಕಡೆಯ ರೂಢಿಯಂತೆ ನಾನು ಅವರನ್ನು ಕಾಕು, ಅವರ ಗಂಡನನ್ನು ಕಾಕಾ ಎನ್ನುತ್ತಿದ್ದೆ. ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು, ಮನೆಗೆ ಬರುವುದು ಎಂಟು ಗಂಟೆಗೆ.

"ಯಾವೂರಪಾ ನಿಂದು?"

"ಹಾರೂಗೇರಿ ರಿ ಆಯಿ."

"ಹಾರೂಗೇರಿ! ನಮ್ಮ ಅಕ್ಕನ್ನ ಕೊಟ್ಟದ್ದು ಅಲ್ಲೇ. ಭಾಳ ಕಾಟದ ಊರಪಾ."

ಆರು ವಾರದಲ್ಲಿ ಇದನ್ನು ಆಯಿ ನೂರಾ ಹನ್ನೆರಡು ಸಲ ಕೇಳಿದರು. ಮೊದಲ ವಾರ ನಮ್ಮೂರಿನ ಪರವಾಗಿ ವಾದಿಸುತ್ತಿದ್ದೆ. ಎರಡನೆಯ ವಾರ ಒಪ್ಪಿಕೊಂಡೆ. ಮೂರನೆಯ ವಾರದ ಹೊತ್ತಿಗೆ ನನಗೂ ಅದು ಕಾಟದ ಊರೇ ಎನಿಸತೊಡಗಿತ್ತು.

ಮೂರನೆಯ ದಿನ ಸಂಜೆ ಆರೂವರೆಗೆ ಹೋದಾಗ ಆಯಿ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದರು. "ಹಸವಾಗೇತಿ ಯಪ್ಪಾ. ಉಣ್ಣಾಕ ಕೊಡವಲ್ರು." ಒಳಗೆ ಕಾಕು ಒಲೆಯ ಮುಂದೆ ಇದ್ದರು. ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. "ಹೊತ್ತು ಮುಳುಗೇತ್ರಿ ಅತ್ಯಾರ," ಎಂದರೇ ಹೊರತು ಎದ್ದು ಬರಲಿಲ್ಲ. ನಾನು ಇಪ್ಪತ್ತು ನಿಮಿಷ ಇದ್ದು, ಕೋಣೆಗೆ ಬಂದು ಕೆಂಪು ಪೆನ್ನಿನಲ್ಲಿ ಬರೆದೆ: ರಾತ್ರಿ ಊಟ ಕೊಡುವುದಿಲ್ಲ, ನಿರ್ಲಕ್ಷ್ಯ. ಕೆಳಗೆ ಎರಡು ಗೆರೆ ಎಳೆದು ಮೇಡಂಗೆ ಫೋನ್ ಮಾಡಿದೆ. ಒಂದು ದೊಡ್ಡ ಅನ್ಯಾಯ ಕಂಡುಹಿಡಿದವನ ಹಾಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

"ಎಷ್ಟ ಹೊತ್ತ ಕುಂತಿದ್ದಿ ಅವರ ಮನ್ಯಾಗ?"

"ಇಪ್ಪತ್ತ ನಿಮಿಷ ರಿ."

"ನಾಳಿ ನಾಲ್ಕಕ್ಕ ಹೋಗು. ಏಳರತನಾ ಕುಂದರು. ಆಮ್ಯಾಲ ಫೋನ್ ಮಾಡು."

ಮರುದಿನ ನಾಲ್ಕಕ್ಕೆ ಹೋದೆ. ನಾಲ್ಕೂವರೆಗೆ ಕಾಕು ತಾಟು ತಂದಿಟ್ಟರು. ರೊಟ್ಟಿ, ಬದನೆಕಾಯಿ, ಮೊಸರು. "ಈಗರ ಉಂಡೀನಲ್ಲ," ಎಂದು ಆಯಿ ತಾಟನ್ನು ಸರಿಸಿದರು. ಐದಕ್ಕೆ ಮತ್ತೆ, ಐದೂವರೆಗೆ ಮತ್ತೆ. ಕಾಕು ತುತ್ತು ಮಾಡಿ ಬಾಯಿಯ ಹತ್ತಿರ ಒಯ್ದರೆ, "ಎಷ್ಟ ಸಲ ಉಣಸ್ತಿ? ನಾ ಏನ್ ಎಮ್ಮಿ?" ಎಂದು ಮುಖ ತಿರುಗಿಸಿದರು. ಆರಕ್ಕೆ ಹೊತ್ತು ಮುಳುಗಿತು. ಆರು ಇಪ್ಪತ್ತಕ್ಕೆ ಆಯಿ ಕೇಳಿದರು: "ಶೋಭಾ, ಊಟಕ್ಕ ಹಚ್ಚವಾ."

ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಅನ್ನ ಇಡುವುದಿಲ್ಲ ಎಂದು ಆಯಿ ಮುನಿ ಮಹಾರಾಜರ ಮುಂದೆ ನೇಮ ಹಿಡಿದು ಮೂವತ್ತೆಂಟು ವರ್ಷ ಆಗಿತ್ತಂತೆ. ಜ್ವರ ಬಂದಾಗಲೂ ಬಿಟ್ಟಿರಲಿಲ್ಲ, ಗಂಡ ಹೋದ ದಿನವೂ ಬಿಟ್ಟಿರಲಿಲ್ಲ. ಈಗ ಹಗಲಿನ ಊಟ ಮರೆತುಹೋಗಿತ್ತು, ನೇಮವೂ ಮರೆತುಹೋಗಿತ್ತು. ಹಸಿವು ಮಾತ್ರ ಬರುತ್ತಿತ್ತು, ಅದೂ ತಪ್ಪಿದ ಹೊತ್ತಿಗೆ. ಕೆಂಪು ಗೆರೆಗಳನ್ನು ಹೊಡೆದು ಹಾಕಿದೆ. ಅಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ನಮ್ಮ ಮೂರು ತಾಸಿನ ಪಾಠದಲ್ಲಿ ಕಾರಣಗಳಿದ್ದವು, ಹಂತಗಳಿದ್ದವು, ‘ಸ್ವಲ್ಪ ಸ್ವಲ್ಪವಾಗಿ ಆಗಾಗ ಆಹಾರ ಕೊಡಿ’ ಎಂಬ ಸಾಲೂ ಇತ್ತು. ಆದರೆ ಯಾವಾಗ ಕೊಡಬಾರದು ಎಂಬುದು ಇರಲಿಲ್ಲ.

ಕಾಲೇಜಿನಿಂದ ತೂಕದ ಯಂತ್ರ ತಂದೆ. ವಾರಕ್ಕೊಮ್ಮೆ ಆಯಿಯನ್ನು ನಿಲ್ಲಿಸುತ್ತಿದ್ದೆ. "ಬೆಲ್ಲದ ಪೆಂಟಿ ತೂಗಿದಂಗ ತೂಗತಾನ," ಎಂದು ಆಯಿ ನಗುತ್ತಿದ್ದರು. ಮೂರು ವಾರಕ್ಕೆ ಎರಡು ಕಿಲೋ ಇಳಿದಿದ್ದರು. ಪುಸ್ತಕ ಮುಂದೆ ಹಿಡಿದು ಕಾಕುಗೆ ಹೇಳಿದೆ: "ಕೇಳಿದಾಗ ಕೊಡಬೇಕ್ರಿ ಕಾಕು. ಅವರಿಗೆ ನೇಮದ ನೆಪ್ಪ ಎಲ್ಲೈತಿ? ಮರತಾರ."

"ಅವರ ಮರತಾರ ತಮ್ಮಾ," ಕಾಕು ಎಮ್ಮೆಗೆ ನೀರಿಡುತ್ತಾ ಹೇಳಿದರು, "ನಾ ಮರತಿಲ್ಲಲ್ಲ."

ಅಂದಿನ ಪುಟದಲ್ಲಿ ಆ ಮಾತು ಬರೆದು ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಅದು ಯಾರ ಮೇಲಿನ ಪ್ರಶ್ನೆಯೆಂದು ಈಗ ನೋಡಿದರೂ ಗೊತ್ತಾಗುವುದಿಲ್ಲ. ನೇಮ ಯಾರದು? ಹಿಡಿದ ಆಯಿಯದೋ, ಈಗ ಎದುರಿಗೆ ಹಸಿದು ಕುಳಿತಿರುವ ಆಯಿಯದೋ? ಇಬ್ಬರೂ ಒಬ್ಬರೇ ಎಂದು ನಾನು ಒಮ್ಮೊಮ್ಮೆ ನಂಬುತ್ತಿದ್ದೆ. ಅಲ್ಲ ಎಂದೂ ಒಮ್ಮೊಮ್ಮೆ.

ಇಪ್ಪತ್ತೆಂಟನೆಯ ದಿನ ಕಾಕು ಡೇರಿಗೆ ಹಾಲು ಹಾಕಲು ಹೋದರು. "ಅರ್ಧಾ ತಾಸ ಅತ್ಯಾರ ಹತ್ರ ಕುಂದರು." ಹೊತ್ತು ಮುಳುಗಿತ್ತು. ಆಯಿ ಕೇಳತೊಡಗಿದರು. ಒಂದು, ಎರಡು, ಮೂರು... ಒಂಬತ್ತು ಗೀಟು ಎಳೆದೆ. ಹತ್ತನೆಯದನ್ನು ಎಳೆಯಲು ಆಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಬಟ್ಟಲಿಗೆ ರೊಟ್ಟಿ ಮುರಿದು, ಬೆಲ್ಲ ಹಾಕಿ, ಬಿಸಿ ಹಾಲು ಹೊಯ್ದು ತಂದೆ. ಆಯಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ತಿನ್ನತೊಡಗಿದರು. ಅಷ್ಟು ಆಸೆಯಿಂದ ಅವರು ಉಂಡದ್ದನ್ನು ನಾನು ನೋಡಿರಲಿಲ್ಲ. ಅರ್ಧ ಆದಾಗ ತಟ್ಟನೆ ತಲೆ ಎತ್ತಿ ಕಿಡಕಿಯ ಕಡೆ ನೋಡಿದರು.

"ಹೊತ್ತು ಮುಳುಗಿತೇನೋ ಯಪ್ಪಾ?"

"ಇಲ್ಲ ರಿ ಆಯಿ. ಮೋಡ ಆಗೇತಿ," ಎಂದು ಹೇಳಿ ಕಿಡಕಿ ಮುಚ್ಚಿದೆ.

ನನ್ನ ಮುಖವನ್ನೊಮ್ಮೆ ನೋಡಿದರು. ನಂಬಿದರು. ಬಟ್ಟಲು ಖಾಲಿ ಮಾಡಿ, "ಶೋಭಾ ಉಂಡಳೇನ?" ಎಂದರು. ಅಂದರೆ ನೇಮ ಪೂರ್ತಿ ಮರೆತಿರಲಿಲ್ಲ. ಒಳಗೆ ಎಲ್ಲೋ ಇತ್ತು. ಅದನ್ನು ನಾನು ಒಂದು ಕಿಡಕಿ ಮುಚ್ಚಿ ಮುರಿದಿದ್ದೆ. ಆಯಿ ಮಾತ್ರ ಅವತ್ತು ಅಳಲಿಲ್ಲ.

ಕಾಕು ಬಂದವರು ಬಟ್ಟಲು ನೋಡಿದರು. ಹಿತ್ತಲಿಗೆ ಒಯ್ದು ತಿಕ್ಕಿ ಬೋರಲು ಹಾಕಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ನೀ ಮಾಡಿದ್ದು ಚಲೋನೋ ಕೆಟ್ಟೋ ನನಗ ತಿಳೀವಲ್ದು. ಆದ್ರ ನನ್ನ ಒಂದ ಮಾತ ಕೇಳಬೇಕಾಗಿತ್ತು," ಎಂದರು. ಎರಡು ದಿನ ಆ ಮನೆಗೆ ಹೋಗಲಿಲ್ಲ. ದಿನಚರಿಯಲ್ಲಿ ಆ ಎರಡು ದಿನ ಚಹದ ಲೆಕ್ಕ ಕೂಡ ಇಲ್ಲ.

ಮೂರನೆಯ ದಿನ ಅಂಜುತ್ತಾ ಹೋದೆ. ಆರೂವರೆ ಆಗಿತ್ತು. ಆಯಿ ತಾಟಿನ ಮುಂದೆ ಕುಳಿತು ರೊಟ್ಟಿ ತಿನ್ನುತ್ತಿದ್ದರು. ಕಾಕುವೇ ಬಡಿಸುತ್ತಿದ್ದರು. ನಾನು ಹೊಸ್ತಿಲಲ್ಲೇ ನಿಂತೆ.

"ಬಾರೋ, ಯಾಕ ಹಂಗ ನಿಂತಿ? ಅವರ ನೇಮಾ ನಾ ತಗೊಂಡೀನಿ."

"ಅಂದ್ರ?"

"ಅಂದ್ರ ಏನಂದ್ರ? ಇನ್ನ ಮ್ಯಾಲ ಹೊತ್ತು ಮುಳುಗಿದ ಮ್ಯಾಲ ನಾ ಉಣ್ಣೂದಿಲ್ಲ. ಅವರ ಉಣ್ತಾರ."

"ಹಂಗ ನಡಿತೈತೇನ್ರಿ ಕಾಕು? ಬಸದ್ಯಾಗ ಕೇಳಿದ್ರೇನು?"

"ಕೇಳಿಲ್ಲ. ಕೇಳಿದ್ರ ಬ್ಯಾಡ ಅಂದಾರು."

ಆಮೇಲೆ ನಕ್ಕರು. ಮದುವೆಯಾಗಿ ಬಂದಾಗಿನಿಂದ ಕಾಕು ರಾತ್ರಿ ಊಟ ಬಿಟ್ಟವರಲ್ಲ. ಕಾಕಾ ಎಂಟಕ್ಕೆ ಬಂದ ಮೇಲೆ ಇಬ್ಬರೂ ಎದುರುಬದುರು ಕುಳಿತು ಕಾರ್ಖಾನೆಯ ಸುದ್ದಿ ಹೇಳಿಕೊಂಡು ಉಣ್ಣುವುದೇ ಅವರ ದಿನದ ಸುಖ. ಅದಕ್ಕೆ ಆಯಿ ಬೈಯದ ದಿನವಿರಲಿಲ್ಲ. "ದೆವ್ವ ತಿರಗೂ ಹೊತ್ತಿನ್ಯಾಗ ಉಣ್ತಾಳ ನಮ್ಮ ಸೊಸಿ, ಅಂತ ಊರ ತುಂಬ ಹೇಳ್ತಿದ್ರು," ಎಂದರು ಕಾಕು. "ಇಪ್ಪತ್ತಾರ ವರ್ಷ ಬೈದ್ರೂ ಹಿಡೀಲಿಲ್ಲ. ಈಗ ಬೈಯೂದ ಮರತ ಮ್ಯಾಲ ಹಿಡದೆ ನೋಡು."

"ಯಾಂವ ಬಂದಾನ ಶೋಭಾ?" ಎಂದರು ಆಯಿ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಯಾವೂರಪಾ ನಿಂದು?"

ಕೊನೆಯ ವಾರ ಆಯಿಯ ತೂಕ ಮುಕ್ಕಾಲು ಕಿಲೋ ಏರಿತ್ತು. ನನ್ನ ವರದಿಯ ಅಂಕಣಕ್ಕೆ ಸಂತೋಷವಾಗುವ ಸಂಖ್ಯೆ. ಆದರೆ ಕಾಕುವಿನ ಮುಖ ಇಳಿದಿತ್ತು. ಹಸಿವು ತಡೆಯುವ ಜೀವವಲ್ಲ ಅದು. ಎಂಟಕ್ಕೆ ಕಾಕಾನ ಎದುರಿಗೆ ಬರಿಗೈಯಲ್ಲಿ ಕೂರುತ್ತಿದ್ದರಂತೆ. ಕಾಕಾ ಬೇಗ ಬೇಗ ಉಂಡು ಏಳುತ್ತಿದ್ದರಂತೆ. "ನೀವೂ ಒಮ್ಮಿ ನಿಲ್ರಿ ಕಾಕು," ಎಂದು ತೂಕದ ಯಂತ್ರ ತೋರಿಸಿದೆ.

"ಹೋಗೋ, ನಿನ್ನ ಪೇಷಂಟ ನಾ ಏನ್?"

ನಿಲ್ಲಲಿಲ್ಲ. ಹಾಗಾಗಿ ನನ್ನ ಆರು ವಾರದ ವರದಿಯಲ್ಲಿ ಒಬ್ಬರ ತೂಕ ಇದೆ, ಒಬ್ಬರದಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಮರೆವಿನ ರೋಗಿಗೆ ಸುಳ್ಳು ಹೇಳಬಹುದೇ ಎಂದು ಕೇಳಿದರು. ಹೇಳಬಾರದು ಎಂದೆ. ಒಳ್ಳೆಯ ಅಂಕ ಬಂತು.

ಬಿಳಿ ಹಾಳೆ ಬಿಳಿಯಾಗಿಯೇ ಉಳಿದದ್ದರಿಂದ ನಿನ್ನೆ ಬಸ್ಸು ಹಿಡಿದು ಆ ಊರಿಗೆ ಹೋದೆ. ಕಾಕುವನ್ನೇ ಕಾಲೇಜಿಗೆ ಕರೆತಂದು ವಿದ್ಯಾರ್ಥಿಗಳ ಮುಂದೆ ಕೂರಿಸಬೇಕು ಎಂಬ ಯೋಚನೆ. ಆಯಿ ಮಂಚದ ಮೇಲಿದ್ದರು, ತುಂಬ ಸಣ್ಣವರಾಗಿದ್ದರು. ನನ್ನನ್ನು ನೋಡಿದರು. ಊರು ಕೇಳಲಿಲ್ಲ. ಕೇಳಲಿ ಎಂದು ಹತ್ತಿರ ಹೋಗಿ ಕುಳಿತೆ, ನನ್ನಷ್ಟಕ್ಕೆ ನಾನೇ ಹೇಳಿಕೊಂಡೆ, "ಹಾರೂಗೇರಿ ರಿ ಆಯಿ." ಕಣ್ಣು ಗೋಡೆಯ ಕಡೆ ತಿರುಗಿತು.

"ಕೇಳೂದ ಬಿಟ್ಟಾರ," ಎಂದರು ಕಾಕು. "ಊಟಾನೂ ಕೇಳೂದಿಲ್ಲ, ನೀರೂ ಕೇಳೂದಿಲ್ಲ. ಐದಕ್ಕ ಗಂಜಿ ಮಾಡಿ ಚಮಚೇಲೆ ಹಾಕಿದ್ರ ನುಂಗ್ತಾರ. ಒಂದ ವರ್ಷಾತು."

ಅಂದರೆ ಹೊತ್ತು ಮುಳುಗುವುದರೊಳಗೆ ಆಯಿಯ ಊಟ ಮುಗಿಯುತ್ತಿದೆ. ನೇಮ ತಾನಾಗಿಯೇ ಆಯಿಗೆ ವಾಪಸು ಹೋಗಿದೆ. ವಿದ್ಯಾರ್ಥಿಯಾಗಿ ನಾನು ಬರೆದ ಗುರಿ ಕೂಡ ಅದೇ ಇತ್ತು: ಸಂಜೆ ಕೇಳುವುದು ಕಡಿಮೆಯಾಗಬೇಕು. ಈಗ ಗೀಟು ಎಳೆಯಲು ಏನೂ ಇಲ್ಲ. ಸೊನ್ನೆ.

"ಹಂಗಾರ ನೀವು ಬಿಟ್ರೇನ್ರಿ, ನೇಮಾ?"

ಕಾಕು ಆಯಿಯ ಹೊದಿಕೆ ಸರಿ ಮಾಡಿದರು. "ಇಲ್ಲ. ನಿಮ್ಮ ಕಾಕಾನೂ ಹೇಳ್ತಾರ, ಇನ್ನರ ನನ್ನ ಜೋಡಿ ಉಣ್ಣಾಕ ಕುಂದರು ಅಂತ. ಬಿಡಾಕ ಬರವಲ್ದು ತಮ್ಮಾ. ಇವತ್ತ ನಾ ಬಿಟ್ರ, ಅವರು ಇನ್ನ ಕೇಳೂದಿಲ್ಲ ಅಂತ ನಾನ ಒಪ್ಪಿಕೊಂಡಂಗ ಆಗ್ತೈತಿ."

ಪಾಠ ಹೇಳಲು ಬರ್ರಿ ಎಂದಾಗ ನಾಚಿ ಸೆರಗು ಬಾಯಿಗೆ ಹಿಡಿದರು. "ನಾ ಏನ್ ಕಲಸಲಿ? ನನಗ ತಿಳೀದಿದ್ದ ಹೇಳ್ಲೇನು?" ಅದನ್ನೇ ಹೇಳ್ರಿ ಎಂದೆ. ಕೊನೆಗೆ, ಪಕ್ಕದ ಮನೆಯವರನ್ನು ಆಯಿಯ ಹತ್ತಿರ ಕೂರಿಸಿ ಬರುತ್ತೇನೆ, ಐದರೊಳಗೆ ವಾಪಸು ಕಳಿಸಬೇಕು ಎಂದು ಒಪ್ಪಿದರು.

ಇವತ್ತು ಮುಂಜಾನೆ ಹಾಳೆ ಹಿಡಿದು ಮೇಡಂ ಕೋಣೆಗೆ ಹೋಗಿ ನಿನ್ನೆ ಕಂಡದ್ದನ್ನೆಲ್ಲ ಹೇಳಿದೆ. ಮೊದಲ ಎರಡು ತಾಸಿನ ಎದುರಿಗೆ ಕಾಕುವಿನ ಹೆಸರು ಬರೆದಿದ್ದೆ. ಉಳಿದ ಆರು ಇನ್ನೂ ಖಾಲಿ. ಮೇಡಂ ವೇಳಾಪಟ್ಟಿ ತೆಗೆದರು. ನಮ್ಮ ತರಗತಿ ಸಂಜೆ ನಾಲ್ಕರಿಂದ ಆರು.

"ಇದನ್ನ ಮುಂಜಾನಿಗೆ ಹಾಕ್ರಿ ಮೇಡಂ. ಅವರು ಐದರೊಳಗ ಮನಿ ಮುಟ್ಟಬೇಕ್ರಿ."

"ಯಾಕ?"

"ಅತ್ತಿ ಊಟಾ ಕೇಳಿದ್ರ ಕೊಡಾಕ ಇರಬೇಕಂತ."

"ಅವರ ಅತ್ತಿ ಈಗ ಕೇಳೂದಿಲ್ಲ ಅಂತ ನೀನ ಹೇಳಿದೆಲ್ಲ?"

"ಹೌದ್ರಿ, ಕೇಳೂದಿಲ್ಲ," ಎಂದೆ. "ಆದ್ರೂ ಇರಬೇಕ್ರಿ."

ಮೇಡಂ ನಾಲ್ಕನ್ನು ಹೊಡೆದು ಹಾಕಿ, ಪಕ್ಕದಲ್ಲಿ ಹನ್ನೊಂದು ಎಂದು ಬರೆದರು.