ನಾನು ಒರೆಸಿಹಾಕಿದ ಕೆಂಪು

ನಾಲ್ಕು ತಿಂಗಳ ಸಂಶೋಧನೆ ಹಾಳು ಮಾಡಲು ಎಷ್ಟು ಹೊತ್ತು ಬೇಕು? ನನಗೆ ಹೆಗಲ ಮೇಲಿನ ಟವೆಲ್ ಎಳೆದುಕೊಳ್ಳುವಷ್ಟು ಹೊತ್ತು ಸಾಕಾಯಿತು.

ತಮ್ಮನ ಮಗಳು ಶಿವಲೀಲಾ ಪಿಎಚ್.ಡಿ. ಮಾಡುತ್ತಿದ್ದಾಳೆ. ಕಳೆದ ವಾರ ಹೈದರಾಬಾದಿಗೆ ಹೊರಟವಳು ಸಿಂಧನೂರಿನ ನಮ್ಮ ಪಾತ್ರೆ ಅಂಗಡಿಗೆ ಬಂದಳು. ಕೈಯಲ್ಲೊಂದು ಪುಟ್ಟ ಡಬ್ಬಿ. ಒಳಗೆ ಉಗುರಿನಷ್ಟು ಚಿಪ್. ಅದರ ಮೇಲೆ ಅವಳೇ ಬೆಳೆಸಿದ ಸೆಮಿಕಂಡಕ್ಟರ್ ನ್ಯಾನೊ ತಂತಿಗಳು. ಕೂದಲಿಗಿಂತ ನೂರಾರು ಪಟ್ಟು ತೆಳುವಂತೆ. ನನಗೆ ಕಂಡದ್ದು ಬರೀ ಧೂಳು.

ಅವುಗಳ ಬೆಳಕು ಅಳೆಯುವ ಮಷೀನ್ ಮರುದಿನ ಬೆಳಿಗ್ಗೆ ಹೈದರಾಬಾದಿನಲ್ಲಿ ಅವಳ ಪಾಲಿಗೆ ಸಿಗುವುದಿತ್ತು. ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಒಂದೊಂದು ಕಡೆ ಒಂದೊಂದು ಬಣ್ಣದ ಬೆಳಕು ಕೊಡುತ್ತವೆ ಎಂದಳು. "ಬಣ್ಣ ಯಾವ ಅಂಗಡ್ಯಾಗ ತಂದಿ?" ಎಂದೆ.

"ಬಣ್ಣ ಹಚ್ಚೂದಲ್ರಿ ದೊಡ್ಡಪ್ಪ, ಬೆಳಸೂದು. ಕುಲುಮ್ಯಾಗ ಗಂಧಕ ಜಾಸ್ತಿ ಆದ್ರ ಹಸಿರು ಬೆಳಕು ಕೊಡತಾವ, ಸೆಲೆನಿಯಂ ಜಾಸ್ತಿ ಆದ್ರ ಕೆಂಪು."

ನನ್ನ ಕೌಂಟರಿನ ಮೇಲಿದ್ದ, ಖೋಟಾ ನೋಟು ನೋಡುವ ಲೈಟಿನ ಕೆಳಗೆ ಹಿಡಿದಳು. ಅಬ್ಬಾ! ಒಂದು ತುದಿ ಹಸಿರು, ನಡುವೆ ಹಳದಿ, ಇನ್ನೊಂದು ತುದಿ ಕೆಂಪು. "ಮುಟ್ಟಬ್ಯಾಡ್ರಿ ಮತ್ತ" ಎಂದು ಹೇಳಿ, ಡಬ್ಬಿ ಕೌಂಟರಿನ ಮೇಲಿಟ್ಟು ಬಸ್ಸಿನ ಟೈಮ್ ಕೇಳಲು ಹೋದಳು.

ಅಷ್ಟರಲ್ಲಿ ಮಸ್ಕಿಯ ಗೆಳೆಯ ಬಸಣ್ಣ ಬಂದ. ನಮ್ಮ ಹುಡುಗಿಯ ಕೆಲಸ ತೋರಿಸದೆ ಇರಲಾದೀತೆ? ಡಬ್ಬಿ ತೆಗೆದೆ.

"ಏನ್ ಮಾಲೋ ಮಾರಾಯ, ಧೂಳ ಕುಂತೈತಿ!" ಎಂದ.

ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು ಬಳಗಾನೂರು, ಮುಕ್ಕುಂದ ಸುತ್ತಿ ಮೇಲೆ ಬಂದವನು ನಾನು. ಒರೆಸದೆ ತೋರಿಸಿದ ಮಾಲಿಗೆ ಗಿರಾಕಿ ಅರ್ಧ ರೇಟು ಕೇಳುತ್ತಾನೆ. (ಹೊಸದಾಗಿ ಅಂಗಡಿ ಇಟ್ಟವರು ಬರೆದಿಟ್ಟುಕೊಳ್ಳಿ.) ಕೈ ತಾನಾಗಿಯೇ ಟವೆಲ್ಲಿಗೆ ಹೋಯಿತು. ಮುಟ್ಟಲಿಲ್ಲ, ಬಟ್ಟೆಯಿಂದಲೇ ಒಂದು ತುದಿ ಒರೆಸಿದೆ. ಫಳಫಳ!

ಶಿವಲೀಲಾ ಬಂದಳು. ಚಿಪ್ ನೋಡಿದಳು, ಟವೆಲ್ ನೋಡಿದಳು. ನಾನು ಬೈಸಿಕೊಳ್ಳಲು ತಯಾರಾದೆ.

"ದೊಡ್ಡಪ್ಪ, ಕೈ ಬಾಯಿಗೆ ಹಚ್ಚಿಲ್ಲಲ್ರಿ? ಕಣ್ಣು ಉಜ್ಜಿಲ್ಲಲ್ಲ? ಅದ್ರಾಗ ಕ್ಯಾಡ್ಮಿಯಂ ಐತ್ರಿ, ವಿಷ! ಏಳ್ರಿ, ಮೊದ್ಲ ಸೋಪು ಹಚ್ಚಿ ತೊಳಿರಿ!"

ನಳದ ಹತ್ತಿರ ನಿಂತು ಎರಡು ಸಲ ತೊಳೆಸಿದಳು. ಟವೆಲನ್ನು ಕವರಿನಲ್ಲಿ ಹಾಕಿ ಗಂಟು ಬಿಗಿದಳು.

"ಹೊಸಾದೈತಲ್ಲವ್ವಾ ಅದು" ಎಂದೆ. (ಚೌಕಾಸಿ ರಕ್ತದಲ್ಲಿದೆ, ಏನು ಮಾಡಲಿ?)

"ಸುಮ್ನಿರ್ರಿ. ಇದು ಲ್ಯಾಬಿನ ವಿಷದ ಕಸಕ್ಕ ಹೋಗಬೇಕು."

ಆಮೇಲಷ್ಟೇ ಚಿಪ್ಪನ್ನು ಲೈಟಿನ ಕೆಳಗೆ ಹಿಡಿದಳು. "ಕೆಂಪು ಹೋಗೇತಿ, ಹಸಿರು ಉಳದೈತಿ. ಇದ್ದಷ್ಟು ಅಳತಿ ಮಾಡಿಸ್ತೀನಿ."

ಮರುದಿನ ಫೋನ್ ಬಂತು. ಹಸಿರಿನ ಅಳತೆ ಚೆನ್ನಾಗಿ ಬಂದಿದೆಯಂತೆ. ಕೆಂಪನ್ನು ಮತ್ತೆ ಮೊದಲಿನಿಂದ ಬೆಳೆಸಬೇಕಂತೆ. ನಷ್ಟ ನಷ್ಟವೇ. ಅದನ್ನು ಯಾವ ಚೌಕಾಸಿಯೂ ಇಳಿಸದು.

ಆದರೂ ಈ ವಾರ ನನ್ನ ಮನಸ್ಸು ತುಂಬಿದೆ. ಅವಳ ಕೆಲಸ ನನ್ನ ಕೈಯಲ್ಲಿ ಹಾಳಾಗಿತ್ತು. ಅವಳು ಮೊದಲು ಕೇಳಿದ್ದು ನನ್ನ ಕೈಯ ಬಗ್ಗೆ. ಹಿಂದೊಮ್ಮೆ ಅಂಗಡಿಯಲ್ಲಿ ಕೊಪ್ಪರಿಗೆ ಜಾರಿ ಕೆಲಸದ ಹನುಮವ್ವನ ಕಾಲ ಮೇಲೆ ಬಿದ್ದಾಗ, ನಾನು ಮೊದಲು ಕೇಳಿದ್ದು "ಕೊಪ್ಪರಿಗಿ ಸೊಟ್ಟ ಆತೇನು?" ಎಂದು. ಮೊನ್ನೆ ಹನುಮವ್ವನ ಮನೆಗೆ ಹೋಗಿ ಅವಳ ಕಾಲು ವಿಚಾರಿಸಿ ಬಂದೆ. ತಡವಾಗಿ.

ನಿಮ್ಮ ಮನೆಯಲ್ಲಿ ಯಾರೋ ಗಾಜಿನ ಲೋಟ ಕೆಡವಿದಾಗ, ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು?