ಹಸ್ಬೆಂಡ್ ವೀಸಾ ಮತ್ತು ಒಂದು ಶಾಲು

ಹೊರಗೆ ಬಿಸಿಲು ಕಾದ ಕಾವಲಿಯಂತೆ ಚುರುಗುಟ್ಟುತ್ತಿರುವಾಗ ಒಳಗೆ ಶಾಲು ಹೊದ್ದು ನಡುಗುತ್ತ ಕೂರುವ ಭಾಗ್ಯ ಲೋಕದಲ್ಲಿ ಎಷ್ಟು ಜನಕ್ಕಿದೆಯೋ ಕಾಣೆ. ಕೊಲ್ಲಿ ದೇಶದ ಈ ವೆಸ್ಟ್ ಬೇಯ ನಮ್ಮ ಆಫೀಸಿನ ಹೆಂಗಸರಿಗಂತೂ ಅದು ನಿತ್ಯದ್ದು. ಕೋಟು ತೊಟ್ಟ ಗಂಡಸರಿಗೆ ಹಿತವಾಗುವಷ್ಟಕ್ಕೆ ಏಸಿಯನ್ನು ಇಟ್ಟು, ಅದರ ಗುಂಡಿಗೆ ಪ್ಲಾಸ್ಟಿಕ್ ಡಬ್ಬಿ ಹಾಕಿ ಬೀಗ ಜಡಿದಿದ್ದಾರೆ. ಹೀಗಾಗಿ ನಮ್ಮಲ್ಲಿ ಹೆಂಗಸರ ಕುರ್ಚಿ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ, ಬೆನ್ನಿಗೊಂದು ಶಾಲು ನೇತಾಡುತ್ತಿದ್ದರೆ ಸಾಕು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಉಷ್ಣದ ಚಲನೆಯ ಮೇಲೆ ಪುಟಗಟ್ಟಲೆ ಬರೆದು ಪಾಸಾದ ನಾನು ಮೈಸೂರಿನಿಂದ ಇಲ್ಲಿಗೆ ಬಂದ ಮೇಲೆ ಆ ವಿದ್ಯೆಯಿಂದ ಪಡೆದ ಒಟ್ಟು ಪ್ರಯೋಜನವೆಂದರೆ, ಹತ್ತಿಯ ಶಾಲು ಸಾಲದು, ಉಣ್ಣೆಯದೇ ಬೇಕು ಎಂಬ ತೀರ್ಮಾನಕ್ಕೆ ಬಂದದ್ದು.

ನಾನು ಆ ಆಫೀಸಿನಲ್ಲಿ ಕಡತಗಳನ್ನು ನೋಡಿಕೊಳ್ಳುವವಳು. ಆದರೆ ನನ್ನ ಗುರುತಿನ ಚೀಟಿಯ ಪ್ರಕಾರ ನಾನು ಗೃಹಿಣಿ, ಏಕೆಂದರೆ ನಾನಿರುವುದು 'ಹಸ್ಬೆಂಡ್ ವೀಸಾ'ದಲ್ಲಿ. ದೂರದ ದುಖಾನ್‌ನಲ್ಲಿ ದುಡಿಯುವ ನನ್ನ ಯಜಮಾನರು ಈ ದೇಶದಲ್ಲಿ ನನ್ನ ಪ್ರಾಯೋಜಕರು. ಟೀವಿಯಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಪ್ರಾಯೋಜಕರ ಹೆಸರು ಹೇಳುತ್ತಾರಲ್ಲ, ಅದೇ ಥರ ನನ್ನ ದಿನಚರಿಯೂ ಅವರ ಕೃಪೆಯಿಂದಲೇ ಪ್ರಸಾರವಾಗುತ್ತಿದೆ. ಸಣ್ಣಪುಟ್ಟ ಖಾಸಗಿ ಕಂಪನಿಗಳಿಗೆ ನಮ್ಮಂಥವರೆಂದರೆ ಬಲು ಪ್ರೀತಿ. ವೀಸಾ ಗಂಡನದು, ಮನೆ ಗಂಡನದು, ಊರಿಗೆ ಹೋಗುವ ವಿಮಾನದ ಟಿಕೆಟ್ಟೂ ಗಂಡನ ಕಡೆಯದು; ಕಂಪನಿ ಸಂಬಳವೊಂದನ್ನು ಎಸೆದರೆ ಆಯಿತು, ಅದನ್ನೂ 'ನಿಮಗೇನಮ್ಮಾ, ಯಜಮಾನರು ದುಡೀತಾರಲ್ಲ' ಎಂದು ತುಸು ಹಿಡಿದೇ ಎಸೆಯಬಹುದು. ನಾವೂ ಅಷ್ಟೇ, ಕೆಲಸ ಕೇಳಲು ಹೋದಾಗ ಎಂ.ಎಸ್ಸಿ.ಗಿಂತ ಮೊದಲು 'ಹಸ್ಬೆಂಡ್ ವೀಸಾ ಇದೆ' ಎಂದು ಹೆಮ್ಮೆಯಿಂದ ಹೇಳಿಕೊಂಡವರೇ.

ಹಾಗೆಂದು ಸಮಾನತೆಗೆ ಕೊರತೆಯೆಂದು ಭಾವಿಸಬೇಡಿ. ಇಲ್ಲಿಯ ಸರ್ಕಾರವಾಗಲಿ ನಮ್ಮ ಸರ್ಕಾರವಾಗಲಿ ಮಹಿಳೆಯರ ಏಳಿಗೆಯ ನೀತಿಗಳನ್ನು ಪ್ರಕಟಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಆ ನೀತಿಗಳು ದೊಡ್ಡ ಕಟ್ಟಡಗಳಿಂದ ಹೊರಟು ನಮ್ಮ ಆಫೀಸಿಗೆ ಬರುವಷ್ಟರಲ್ಲಿ ಗುಲಾಬಿ ಹೂವೂ ಕೇಕೂ ಆಗಿರುತ್ತವೆ. ಕಳೆದ ವರ್ಷದ ಮಹಿಳಾ ದಿನಕ್ಕೆ ಒಂದು ಪೋಸ್ಟರೂ ಆಯಿತು. ಆಫೀಸಿನ ಮೂವರು ಹೆಂಗಸರನ್ನು ಸಾಲಾಗಿ ನಿಲ್ಲಿಸಿದ ಫೋಟೋದವನು, ಶಾಲು ಇದ್ದರೆ ಚಿತ್ರ ಮಂಕಾಗುತ್ತದೆ, ತೆಗೆಯಿರಿ ಎಂದ. ತೆಗೆದು, ಹಲ್ಲು ಕಟಕಟಿಸುತ್ತ ನಕ್ಕೆವು. 'ಇಲ್ಲಿ ಎಲ್ಲರೂ ಸಮಾನರು' ಎಂಬ ಒಕ್ಕಣೆಯ ಕೆಳಗೆ ಆ ನಗು ಇಂದಿಗೂ ನಮ್ಮ ಲಿಫ್ಟಿನಲ್ಲಿ ದಿನವಿಡೀ ಮೇಲೆ ಕೆಳಗೆ ಓಡಾಡುತ್ತಿದೆ.

ನಡುವೆ ನಿಂತವಳು ಝೊಹರಾ, ಉಳ್ಳಾಲದ ಕಡೆಯವಳು, ಅಕೌಂಟ್ಸ್ ನೋಡುತ್ತಿದ್ದವಳು. ಮನೆಯಲ್ಲಿ ಬ್ಯಾರಿ, ನನ್ನೊಡನೆ ಕನ್ನಡ, ತಪ್ಪು ಬಿಲ್ಲು ತಂದವರೊಡನೆ ಅರಬ್ಬಿಯ ಒಂದೇ ಪದ, 'ಮಾಫಿ'. ಅಂದರೆ 'ಇಲ್ಲ'; ಅವಳ ಬಾಯಲ್ಲಿ, ಆಗುವುದಿಲ್ಲ, ಹೋಗು. ಅಲ್ ಮನ್ಸೂರಾದಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಮನೆ. ಅದೇ ವರ್ಷದ ಚಳಿಗಾಲದಲ್ಲಿ ಅವಳ ಗಂಡ ಇಬ್ರಾಹಿಂ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದು ಹೋಗಿಬಿಟ್ಟರು. ಗಂಡನೊಂದಿಗೆ ಹೆಂಡತಿಯ ವೀಸಾವೂ ಹೋಗುತ್ತದೆಂಬುದು ನಮಗೆಲ್ಲ ಗೊತ್ತಿದ್ದ ವಿಷಯವೇ, ಸಾವು ಗೊತ್ತಿರುವಂತೆ. ಕೊಟ್ಟ ಅಲ್ಪ ಕಾಲಾವಕಾಶದೊಳಗೆ ಬೇರೊಬ್ಬರ ವೀಸಾಕ್ಕೆ ಬದಲಾಗದಿದ್ದರೆ ಊರಿಗೆ ಹೊರಡಬೇಕು. ಮಗಳು ಶಿಫಾ ಹನ್ನೆರಡನೆಯ ತರಗತಿ. ಬೋರ್ಡ್ ಪರೀಕ್ಷೆ ಎದುರಿಗಿತ್ತು. ಕಂಪನಿ ಝೊಹರಾಳನ್ನು ತನ್ನ ವೀಸಾಕ್ಕೆ ತೆಗೆದುಕೊಂಡಿದ್ದರೆ ತಾಯಿಗೆ ಕೆಲಸ ಉಳಿಯುತ್ತಿತ್ತು, ಮಗಳಿಗೆ ಪರೀಕ್ಷೆ ಉಳಿಯುತ್ತಿತ್ತು. ಸರ್ಕಾರದ ಅಡ್ಡಿಯೇನೂ ಇರಲಿಲ್ಲ.

ಗಂಡ ಸತ್ತವಳು ಮನೆಯೊಳಗೇ ಇದ್ದು ಶೋಕ ಆಚರಿಸಬೇಕಾದ ಇದ್ದತ್ತಿನ ದಿನಗಳವು. ಆ ದಿನಗಳಲ್ಲೇ ಅವಳು ಮ್ಯಾನೇಜರ್ ರಾಯರ ಮುಂದೆ ಬಂದು ನಿಲ್ಲಬೇಕಾಯಿತು. ಜೊತೆಗಿರಲೆಂದು ನಾನೂ ಹೋದೆ. ರಾಯರು ನಮ್ಮವರೇ, ಬೆಂಗಳೂರಿನವರು, ರಾಜ್ಯೋತ್ಸವದ ವೇದಿಕೆಯಲ್ಲಿ ಸ್ತ್ರೀಶಕ್ತಿಯ ಬಗ್ಗೆ ಕಣ್ಣು ಒದ್ದೆಯಾಗುವಂತೆ ಮಾತಾಡುವವರು.

"ಮಗಳ ಪರೀಕ್ಷೆ ಮುಗಿಯುವವರೆಗಾದ್ರೂ ಸಾಕು ಸರ್. ಆಮೇಲೆ ನೀವು ಹೋಗು ಹೇಳಿದ್ರೆ ಹೋಗ್ತೇನೆ" ಎಂದಳು ಝೊಹರಾ.

"ನಮ್ಮಲ್ಲಿ ಲೇಡೀಸ್‌ಗೆ ಕಂಪನಿ ವೀಸಾ ಕೊಡೋ ಪದ್ಧತಿ ಇಲ್ಲಮ್ಮ. ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ" ಎಂದರು ರಾಯರು, ನಿಜವಾಗಿಯೂ ಬೇಸರಪಟ್ಟುಕೊಂಡೇ. ಎಲ್ಲರೂ ಎಂದಾಗ ಅವರ ಕಣ್ಣು ನನ್ನ ಮೇಲಿತ್ತು.

ಹೊರಗೆ ಬಂದರೆ, ಸಹೋದ್ಯೋಗಿಯೊಬ್ಬ ಸಮಾಧಾನ ಹೇಳುವ ದನಿಯಲ್ಲಿ, "ಸ್ವಲ್ಪ ದಿನ ಬಿಟ್ಟು ಇನ್ನೊಂದು ನಿಕಾಹ್ ಆಗಿಬಿಡಿ, ಖಲಾಸ್, ವೀಸಾದ ತಲೆನೋವೇ ಇಲ್ಲ" ಎಂದ. ನನಗೆ ಅವನಿಗೊಂದು ಬಾರಿಸಬೇಕೆನ್ನಿಸಿತು. ಝೊಹರಾ ಅವನ ಕಡೆ ನೋಡಲೂ ಇಲ್ಲ.

ಪರೀಕ್ಷೆಗೆ ಮುಂಚೆಯೇ ತಾಯಿ ಮಗಳು ಹೊರಟರು. ಶಿಫಾಳ ಒಂದು ವರ್ಷ ಹಾಳಾಯಿತು. ಮುಂದೇನು ಓದುವುದೋ, ಓದುವುದೇ ಇಲ್ಲವೋ, ಇನ್ನು ಅದನ್ನು ತೀರ್ಮಾನಿಸುವವರು ಊರಿನ ಮಾವಂದಿರು. ಕೊನೆಯ ದಿನ ಮೇಜು ತೆರವು ಮಾಡಿದ ಝೊಹರಾ ಶಾಲನ್ನು ಮಾತ್ರ ಕುರ್ಚಿಯ ಮೇಲೇ ಬಿಟ್ಟಳು. ನಾನು ಎತ್ತಿಕೊಟ್ಟರೆ, "ಬೇಡ ಅಕ್ಕಾ, ಊರಲ್ಲಿ ಆ ಸೆಖೆಗೆ ಇದು ಎಂತಕ್ಕೆ?" ಎಂದಳು.

ಅಂದಿನಿಂದ ನಾನು ಬದಲಾಗಿದ್ದೇನೆ, ಉದಾತ್ತವಾಗಿ ಅಲ್ಲ. ಯಜಮಾನರ ತಟ್ಟೆಯಿಂದ ಉಪ್ಪಿನಕಾಯಿ ತೆಗೆದುಹಾಕಿದ್ದೇನೆ, ಬಿ.ಪಿ. ಮಾತ್ರೆಯನ್ನು ಎದುರಿಗೆ ನಿಂತು ನುಂಗಿಸುತ್ತೇನೆ, ಅವರು ದುಖಾನ್ ರಸ್ತೆಯಲ್ಲಿರುವಷ್ಟು ಹೊತ್ತೂ ಫೋನನ್ನು ಕೈಯಲ್ಲೇ ಹಿಡಿದಿರುತ್ತೇನೆ. "ಏನೇ ಇದು, ಈ ವಯಸ್ಸಲ್ಲಿ ಇಷ್ಟೊಂದು ಪ್ರೀತಿ" ಎಂದು ಅವರು ನಗುತ್ತಾರೆ. ಪ್ರೀತಿಯೇ, ಸುಳ್ಳಲ್ಲ. ಆದರೆ ಅದರೊಳಗೆ ನನ್ನ ಉದ್ಯೋಗದ ಭಯ ಎಷ್ಟು ಪಾಲು ಬೆರೆತಿದೆಯೆಂದು ಬಿಡಿಸಿ ನೋಡುವ ಧೈರ್ಯ ನನಗಿಲ್ಲ. ಇಪ್ಪತ್ತೇಳು ವರ್ಷದ ದಾಂಪತ್ಯಕ್ಕೆ ಇಂಥದೊಂದು ಅನುಮಾನವನ್ನು ತಂದುಹಾಕಿದ ಆ ಪದ್ಧತಿಯನ್ನು ನಾನು ಕ್ಷಮಿಸಲಾರೆ.

ಮೊನ್ನೆ ಝೊಹರಾಳ ಜಾಗಕ್ಕೆ ದಾವಣಗೆರೆಯ ರಮ್ಯಾ ಬಂದಳು, ಹೊಸದಾಗಿ ಮದುವೆಯಾದವಳು. ಇವಳೂ ತಾನು ಹಸ್ಬೆಂಡ್ ವೀಸಾದವಳೆಂದು ಮೊದಲೇ ಹೇಳಿಕೊಂಡಳು. ಅರ್ಧ ಗಂಟೆಯೊಳಗೆ ಅಂಗೈ ಉಜ್ಜಿಕೊಳ್ಳತೊಡಗಿದವಳು ಕುರ್ಚಿಯ ಬೆನ್ನನ್ನು ಮುಟ್ಟಿ ನೋಡಿದಳು.

"ಈ ಶಾಲು ಯಾರದು ಮೇಡಂ?"

"ಲಿಫ್ಟಿನ ಫೋಟೋದಲ್ಲಿ ನಡುವೆ ನಿಂತಿದ್ದಾರಲ್ಲ, ಅವರದು. ಹೊದ್ದುಕೋ."

"ಅವರು ಕೆಲಸ ಬಿಟ್ಟುಬಿಟ್ರಾ?"

"ಬಿಡಲಿಲ್ಲ. ಅವರ ಗಂಡ ತೀರಿಹೋದರು."

"ಅಯ್ಯೋ ಪಾಪ" ಎಂದು ಶಾಲು ಬಿಡಿಸಿ ಹೊದ್ದುಕೊಂಡ ಆ ಹುಡುಗಿ, "ಗಂಡ ಹೋದ್ರೆ ಇವರ ಕೆಲಸ ಯಾಕೆ ಹೋಯ್ತು ಮೇಡಂ?" ಎಂದಳು.

ರಾಯರ ಕೋಣೆಯಲ್ಲಿ ಅಂದು ನಿಂತಿದ್ದಾಗ ನನ್ನ ಬಾಯಿಗೆ ಬಾರದೆ ಹೋದ ಪ್ರಶ್ನೆ ಅದು. ನಿನ್ನ ಗಂಡ ಆರೋಗ್ಯವಾಗಿದ್ದಾರೆ ತಾನೇ ಅಮ್ಮಾ, ಎಂದು ಕೇಳಿದೆ. ಅವಳು ಝೊಹರಾಳ ಶಾಲನ್ನು ಭುಜದ ಸುತ್ತ ಬಿಗಿಯಾಗಿ ಎಳೆದುಕೊಂಡಳು.